ಅಂಟಿಕೊಂಡ ಜೀವಿಗಳ ಎಣಿಕೆ

ಕೊಡದ ಒಳಮೈಯನ್ನು ಎರಡು ದಿನ ಉಜ್ಜದೆ ಬಿಟ್ಟರೆ ಬೆರಳಿಗೆ ಜಾರು ತಗಲುವುದೆಂಬುದನ್ನು ಈ ಪತ್ರಿಕೆಯ ವಾಚಕಿಯರಿಗೆ ನಾವು ಹೇಳಿಕೊಡಬೇಕಾದುದಿಲ್ಲ. ನೀರು ನೋಡುವುದಕ್ಕೆ ತಿಳಿಯಾಗಿಯೇ ಇರುವುದು, ರುಚಿಯೂ ಕೆಟ್ಟಿರುವುದಿಲ್ಲ. ಆದರೂ ಮನೆಯ ಹಿರಿಯಳು ಕೊಡದೊಳಕ್ಕೆ ಕೈಯಿಳಿಸಿ, ಅದರ ಮೈಯನ್ನೊಮ್ಮೆ ಸವರಿ, “ಲೋಳೆ ಕಟ್ಟಿದೆ, ಚೆಲ್ಲಿ ಬೆಳಗಿ” ಎಂದು ಅಪ್ಪಣೆ ಮಾಡುವಳು. ಆಕೆ ಪರೀಕ್ಷಿಸಿದುದು ನೀರನ್ನಲ್ಲ, ಪಾತ್ರೆಯ ಮೈಯನ್ನು. ೩೫ ವರ್ಷ ಮಕ್ಕಳಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದ ನಮಗೆ ಈ ಎರಡು ಪರೀಕ್ಷೆಗಳ ಭೇದವು ಎಷ್ಟು ದೊಡ್ಡದೆಂಬುದು ತಿಳಿದದ್ದು ತೀರ ಈಚೆಗೆ. ಅದೂ ಗ್ರಂಥದಿಂದಲ್ಲ, ನಮ್ಮ ಅಕ್ಕನ ಮೊಣಕಾಲಿನ ದೆಸೆಯಿಂದ.

ಅಕ್ಕನಿಗೆ ಈಗ ೬೯ ವರ್ಷ. ಸವೆದುಹೋಗಿದ್ದ ಬಲಮೊಣಕಾಲಿನ ಕೀಲನ್ನು ತೆಗೆಯಿಸಿ ಕೃತಕವಾದ ಕೀಲನ್ನು ಇಡಿಸಿಕೊಂಡಿದ್ದಳು. ಈ ಕೃತಕ ಸಂಧಿಯ ರಚನೆಯನ್ನು ಇಲ್ಲಿಯೇ ಹೇಳಿಬಿಡುವುದು ಲೇಸು. ಏಕೆಂದರೆ ಮುಂದಿನ ಕಥೆಯೆಲ್ಲ ನಡೆಯತಕ್ಕದ್ದು ಅದರ ಮೈಮೇಲೆಯೇ. ತೊಡೆಯೆಲುಬಿನ ತುದಿಗೆ ಕೋಬಾಲ್ಟ್ ಮತ್ತು ಕ್ರೋಮಿಯಂ ಲೋಹಗಳ ಮಿಶ್ರಣದಿಂದ ಮಾಡಿ ಕನ್ನಡಿಯಂತೆ ನಯಗೊಳಿಸಿದ ಒಂದು ಕವಚವನ್ನು ತೊಡಿಸುವರು. ಕೆಳಗಿನ ಎಲುಬಿನ ತಲೆಯ ಮೇಲೆ ಲೋಹದ ತಟ್ಟೆಯೊಂದನ್ನು ಕೂಡಿಸುವರು. ಇದು ಸಾಮಾನ್ಯವಾಗಿ ಟೈಟಾನಿಯಂ ಮಿಶ್ರಲೋಹದ್ದು. ಲೋಹಕ್ಕೆ ಲೋಹ ಉಜ್ಜದಂತೆ ನಡುವೆ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ಕಿನ ಗಟ್ಟಿಯಾದ ಹಲಗೆ. ಇವನ್ನು ಎಲುಬಿಗೆ ಹಿಡಿದಿಡುವ ಗಾರೆಯೂ ಒಂದು ಜಾತಿಯ ಪ್ಲಾಸ್ಟಿಕ್ಕೇ. ಹೀಗೆ ಲೋಹವೂ ಪ್ಲಾಸ್ಟಿಕ್ಕೂ ಸೇರಿ ಅಕ್ಕನ ಮೈಯಲ್ಲಿ ಒಂದು ಅಂಗವೇ ಆಗಿದ್ದುವು.

ಒಂದೂವರೆ ವರ್ಷ ಆಕೆ ಸುಖವಾಗಿ ಓಡಾಡಿದಳು. ಆಮೇಲೆ ಮೊಣಕಾಲಿನಲ್ಲಿ ಮಂದವಾದ ನೋವು, ಸಂಜೆಯ ಹೊತ್ತಿಗೆ ಸ್ವಲ್ಪ ಬಾವು. ಜ್ವರವಿಲ್ಲ, ಕೀವಿಲ್ಲ. ವೈದ್ಯರು ಸೂಜಿಯಿಂದ ಕೀಲಿನೊಳಗಿನ ನೀರನ್ನು ತೆಗೆದು ಪ್ರಯೋಗಶಾಲೆಗೆ ಕಳುಹಿಸಿದರು. ಐದು ದಿನಗಳ ಮೇಲೆ ಬಂದ ಕಾಗದದಲ್ಲಿ “ಬೆಳವಣಿಗೆಯಿಲ್ಲ” ಎಂದು ಬರೆದಿತ್ತು. ತಿಂಗಳು ಬಿಟ್ಟು ಮತ್ತೊಮ್ಮೆ ತೆಗೆದರು. ಮತ್ತೆ ಅದೇ ಮಾತು. ನಾವು ಊರಿನ ದೇವಸ್ಥಾನದಲ್ಲಿ ಹಣ್ಣುಕಾಯಿ ಮಾಡಿಸಿಕೊಂಡು ಬಂದೆವು. ಶಸ್ತ್ರವೈದ್ಯರ ಮುಖ ಮಾತ್ರ ಅರಳಲಿಲ್ಲ. “ಮೇಷ್ಟ್ರೇ, ನೀರಿನಲ್ಲಿ ಸಿಕ್ಕಲಿಲ್ಲವೆಂದು ಬಂದಿದೆ. ಕೀಲಿನ ಮೈಮೇಲೆ ಇಲ್ಲವೆಂದು ಯಾರೂ ಹೇಳಿಲ್ಲವಲ್ಲ!” ಎಂದರು.

ಈ ಮಾತನ್ನು ಕೇಳಿದಾಗ ನಮಗೆ ನಮ್ಮ ಗುರುಗಳು ಪಾಠ ಹೇಳುತ್ತಿದ್ದ ಜಗಲಿಯು ನೆನಪಾಯಿತು. ನೆಲದ ಮೇಲೆ ಮಡಕೆಯಿಲ್ಲ ಎಂಬುದು ನಮಗೆ ಹೇಗೆ ತಿಳಿಯುತ್ತದೆ? ಕಾಣದಿರುವುದರಿಂದಲೇ ತಿಳಿಯುತ್ತದೆ ಎಂದು ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಹೇಳಿ, ಅನುಪಲಬ್ಧಿಯೆಂಬ ಪ್ರಮಾಣವೊಂದನ್ನು ಬೇರೆಯಾಗಿಯೇ ಅಂಗೀಕರಿಸುವರು. ಆದರೆ ಅದಕ್ಕೊಂದು ಕಟ್ಟುಪಾಡುಂಟು. ಆ ವಸ್ತು ಅಲ್ಲಿದ್ದಿದ್ದರೆ ಖಂಡಿತವಾಗಿ ಕಾಣಿಸಬೇಕಾಗಿದ್ದಿತು ಎಂಬಂಥ ಸನ್ನಿವೇಶದಲ್ಲಿ ಮಾತ್ರ ಕಾಣದಿರುವಿಕೆ ಪ್ರಮಾಣವಾಗುವುದು. ಕತ್ತಲೆಯ ಕೋಣೆಯಲ್ಲಿ ನಿಂತು “ಮಡಕೆ ಕಾಣಿಸಲಿಲ್ಲ, ಆದುದರಿಂದ ಇಲ್ಲ” ಎನ್ನುವಂತಿಲ್ಲ. ಇದಕ್ಕೆ ಯೋಗ್ಯಾನುಪಲಬ್ಧಿ ಎಂದು ಹೆಸರು. ಆ ದಿನಗಳಲ್ಲಿ ನಾವು ಇದನ್ನು ಪರೀಕ್ಷೆಗೆಂದು ಉರುಹೊಡೆದೆವೇ ಹೊರತು ಎಂದಾದರೂ ಆಸ್ಪತ್ರೆಯ ಕಾಗದವೊಂದನ್ನು ಓದುವುದಕ್ಕೆ ಬೇಕಾದೀತೆಂದು ಕನಸಿನಲ್ಲಿಯೂ ಎಣಿಸಿರಲಿಲ್ಲ. ವೈದ್ಯರಿಂದ ಕೇಳಿ, ಅವರು ಕೊಟ್ಟ ಬರಹಗಳನ್ನು ನಿಘಂಟಿನ ಸಹಾಯದಿಂದ ಓದಿ, ಲೋಹ ಪ್ಲಾಸ್ಟಿಕ್ಕುಗಳ ಮೈಗೆ ಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಗಳು ಅಂಟುವ ಬಗೆಯನ್ನೂ ಆ ಅಂಟನ್ನು ಅಳೆಯುವ ಬಗೆಯನ್ನೂ ನಾವು ತಿಳಿದಷ್ಟನ್ನು ಇಲ್ಲಿ ನಿವೇದಿಸುತ್ತೇವೆ.

ಈ ಅಂಟನ್ನು ಮೊದಲು ಕಂಡವನು ಹಾಲೆಂಡ್ ದೇಶದ ಡೆಲ್ಫ್ಟ್ ಪಟ್ಟಣದ ಬಟ್ಟೆಯ ವ್ಯಾಪಾರಿ ಆಂಟೋನಿ ವಾನ್ ಲೇವನ್‌ಹುಕ್. ತಾನೇ ಉಜ್ಜಿ ಮಾಡಿಕೊಂಡ ಮಸೂರದಿಂದ ತನ್ನ ಹಲ್ಲುಗಳ ನಡುವಣ ಬಿಳಿಯ ಪಾಚಿಯನ್ನು ನೋಡಿ, ಅದರಲ್ಲಿ ಕುಣಿದಾಡುವ ಜೀವಿಗಳನ್ನು ಕಂಡು, ೧೬೮೩ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದನು. ಆತನು ಮಾಡಿದ ಒಂದು ಚಿಕ್ಕ ಪ್ರಯೋಗವು ನಮಗೆ ಬಹಳ ಹಿಡಿಸಿತು. ಹೊರತೆಗೆದ ಪಾಚಿಗೆ ವಿನಿಗರ್ ಹುಳಿಯನ್ನು ಬೆರೆಸಿದರೆ ಜೀವಿಗಳು ಸಾಯುತ್ತಿದ್ದುವು. ಹಲ್ಲಿನ ಮೇಲೆ ಅಂಟಿಕೊಂಡೇ ಇರುವಾಗ ಅದೇ ಹುಳಿಯಿಂದ ಬಾಯಿ ಮುಕ್ಕಳಿಸಿದರೆ ಹೊರಪದರದವು ಮಾತ್ರ ಸತ್ತು ಒಳಗಿನವು ಬದುಕಿಕೊಳ್ಳುತ್ತಿದ್ದುವು. ಅಂಟಿಕೊಂಡ ಜೀವಿಗೆ ಔಷಧವು ನಾಟದೆಂಬ ಸಂಗತಿ, ಔಷಧಗಳು ಹುಟ್ಟುವುದಕ್ಕೆ ಇನ್ನೂರು ವರ್ಷ ಮೊದಲೇ ಹೀಗೆ ಕಾಗದದ ಮೇಲೆ ಬಂದಿತ್ತು.

ಆಮೇಲೆ ವಿದ್ವಾಂಸರು ಬಹುಕಾಲ ಇದನ್ನು ಬದಿಗಿಟ್ಟು ಸೀಸೆಯ ಸಾರಿನಲ್ಲಿ ತೇಲಾಡುವ ಜೀವಿಗಳನ್ನೇ ಅಭ್ಯಾಸ ಮಾಡಿದರು. ಅಮೆರಿಕದ ಮಿನೆಸೋಟಾದಲ್ಲಿ ಆರ್ಥರ್ ಹೆನ್ರಿಸಿ ಎಂಬವರು ಗಾಜಿನ ಪಟ್ಟಿಗಳನ್ನು ಕೆರೆಯ ನೀರಿನಲ್ಲಿ ಮುಳುಗಿಸಿಟ್ಟು, ಕೆಲವು ದಿನಗಳ ಮೇಲೆ ತೆಗೆದು ನೋಡಿ, ನೀರಿನ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ತೇಲುವವಲ್ಲ, ಮುಳುಗಿದ ವಸ್ತುಗಳ ಮೇಲೆ ನೆಲೆಸುವಂಥವು ಎಂದು ೧೯೩೩ರಲ್ಲಿ ಬರೆದರು. ಹತ್ತು ವರ್ಷಗಳ ಮೇಲೆ, ೧೯೪೩ರಲ್ಲಿ, ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆಯ ಕ್ಲಾಡ್ ಜೋಬೆಲ್ಲರು ಸಮುದ್ರದ ನೀರನ್ನು ಸೀಸೆಗಳಲ್ಲಿ ಹಿಡಿದಿಟ್ಟು ಇದನ್ನೇ ತೋರಿಸಿಕೊಟ್ಟರು. ನೀರಿನಲ್ಲಿ ಅತ್ಯಲ್ಪವಾಗಿರುವ ಆಹಾರವು ಗಟ್ಟಿಯಾದ ಮೈಯ ಮೇಲೆ ಬಂದು ಸೇರಿಕೊಳ್ಳುವುದು; ಜೀವಿಯೂ ಅಲ್ಲಿಗೇ ಹೋಗಿ ಕೂರುವುದು. ಅನ್ನವಿದ್ದಲ್ಲಿ ಒಕ್ಕಲು.

ಕೂರುವ ಕ್ರಮದಲ್ಲಿ ಎರಡು ಹಂತಗಳುಂಟೆಂಬುದನ್ನು ೧೯೭೧ರಲ್ಲಿ ಕೆವಿನ್ ಮಾರ್ಷಲ್ ಮತ್ತು ಅವರ ಜೊತೆಯವರು ಸ್ಪಷ್ಟಪಡಿಸಿದರು. ಮೊದಲ ಹಂತದಲ್ಲಿ ಜೀವಿಯು ಮೈಯ ಸಮೀಪಕ್ಕೆ ಬಂದು ಬರಿದೆ ತಾಗಿಕೊಂಡಿರುತ್ತದೆ. ಅಲ್ಲಿಯೇ ತಿರುಗುತ್ತದೆ, ಅಲುಗುತ್ತದೆ. ಉಪ್ಪಿನಂಶವನ್ನು ಕಡಮೆಮಾಡಿದ ನೀರಿನಿಂದ ತೊಳೆದರೆ ಹೊರಟುಹೋಗುತ್ತದೆ. ಎರಡನೆಯ ಹಂತದಲ್ಲಿ ಅದು ತನ್ನ ಮೈಯಿಂದ ಎಳೆಗಳನ್ನೂ ಲೋಳೆಯನ್ನೂ ಸ್ರವಿಸಿ ನೆಲೆಯೂರುತ್ತದೆ, ತೊಳೆದರೆ ಹೋಗದು. ತಾರ್ಕಿಕರ ಪರಿಭಾಷೆಯಲ್ಲಿ ಹೇಳುವುದಾದರೆ ಮೊದಲನೆಯದು ಸಂಯೋಗ, ಎರಡನೆಯದು ಸಮವಾಯಕ್ಕೆ ಸಮೀಪ. ಮೊದಲು ಬೇರೆಬೇರೆಯಾಗಿದ್ದವಕ್ಕೆ ಸಮವಾಯವೆಲ್ಲಿಂದ ಬಂತೆಂದು ನಮ್ಮ ತರ್ಕದ ಸಹಪಾಠಿಗಳು ಕಿವಿ ಹಿಂಡಿಯಾರು. ಹೋಲಿಕೆಗೆಂದು ಮಾತ್ರ ಹೇಳಿದೆವು. ಹೀಗೆ ನೆಲೆಯೂರಿದ ಜೀವಿಗಳು ಒಡೆದು ಹೆಚ್ಚಿ, ಒಂದರ ಮೇಲೊಂದು ಸೇರಿ, ತಮ್ಮ ಲೋಳೆಯಲ್ಲಿಯೇ ಹುದುಗಿ ಒಂದು ಪೊರೆಯಾಗುತ್ತವೆ. ಇದಕ್ಕೆ ಬಯೋಫಿಲ್ಮ್ ಎಂದು ಹೆಸರು. ನಾವು ಜೀವಪೊರೆ ಎನ್ನೋಣ. ಕೆನಡದ ಕ್ಯಾಲ್ಗರಿ ವಿಶ್ವವಿದ್ಯಾನಿಲಯದ ಕಾಸ್ಟರ್ಟನ್ ಮತ್ತು ಅವರ ಸಂಗಡಿಗರು ೧೯೭೮ರಲ್ಲಿ ಬರೆದ ಲೇಖನದಿಂದ ಈ ವಿಷಯವು ಎಲ್ಲೆಡೆ ಪ್ರಸಿದ್ಧವಾಯಿತು. ಪೊರೆಯೊಳಗಿನ ಜೀವಿಯನ್ನು ಕೊಲ್ಲುವುದಕ್ಕೆ ತೇಲುವ ಜೀವಿಗೆ ಬೇಕಾಗುವುದಕ್ಕಿಂತ ಹತ್ತರಿಂದ ಸಾವಿರ ಪಟ್ಟು ಔಷಧ ಬೇಕಾದೀತೆಂದು ಹೇಳುವರು.

ಇನ್ನೊಂದು ಸಂಗತಿ ನಮ್ಮನ್ನು ಬೆಚ್ಚಿಸಿತು. ೧೯೫೭ರಲ್ಲಿ ಇಂಗ್ಲೆಂಡಿನಲ್ಲಿ ಎಲೆಕ್ ಮತ್ತು ಕೋನೆನ್ ಎಂಬ ಇಬ್ಬರು ವೈದ್ಯರು, ಒಪ್ಪಿ ಮುಂದೆ ಬಂದವರ ಚರ್ಮದೊಳಕ್ಕೆ ಸ್ಟ್ಯಾಫಿಲೊಕಾಕಸ್ ಎಂಬ ಜೀವಿಗಳನ್ನು ಎಣಿಸಿ ಹಾಕಿ, ಎಷ್ಟಕ್ಕೆ ಕೀವಾಗುವುದೆಂದು ನೋಡಿದರು. ಬರಿಯ ಚರ್ಮದಲ್ಲಿ ಕೀವಾಗುವುದಕ್ಕೆ ಲಕ್ಷಗಟ್ಟಲೆ ಜೀವಿಗಳು ಬೇಕಾದುವು. ಹೊಲಿಗೆಯ ದಾರವೊಂದು ಅಲ್ಲಿದ್ದರೆ ಅದರ ಹತ್ತು ಸಾವಿರದಲ್ಲೊಂದು ಪಾಲು ಸಾಕಾಯಿತು. ಒಂದು ಎಳೆ ದಾರಕ್ಕೇ ಹೀಗಾದರೆ ಒಂದು ಇಡಿಯ ಕೀಲಿಗೆ ಏನು ಹೇಳೋಣ! ಶರೀರದೊಳಗೆ ಇಟ್ಟ ಲೋಹದ ಮೈಯನ್ನು ಮೊದಲು ಹಿಡಿಯುವವರು ಯಾರು ಎಂಬ ಓಟದ ಪಂದ್ಯವು ನಡೆಯುತ್ತದೆ ಎಂದು ೧೯೮೭ರಲ್ಲಿ ಗ್ರಿಸ್ಟಿನಾ ಎಂಬವರು ಬರೆದರು. ನಮ್ಮ ಜೀವಕೋಶಗಳು ಮೊದಲು ಬಂದು ಹಬ್ಬಿದರೆ ನಾವು ಗೆದ್ದೆವು; ಬ್ಯಾಕ್ಟೀರಿಯಾ ಮೊದಲು ಬಂದರೆ ಮನೆ ಅವರದು. ನೂರು ಮೊಣಕಾಲುಗಳಲ್ಲಿ ಒಂದೆರಡರಲ್ಲಿ ಮಾತ್ರ ನಾವು ಸೋಲುವೆವು. ನಮ್ಮ ಅಕ್ಕನದು ಆ ಒಂದೆರಡರಲ್ಲಿ ಸೇರಿತ್ತೆ ಎಂಬುದೇ ಪ್ರಶ್ನೆ.

ಅಂಟಿದುದನ್ನು ಅಳೆಯುವುದು ಹೇಗೆ? ಅತಿ ಹಳೆಯ ಕ್ರಮವು ಕೆರೆದು ಎಣಿಸುವುದು. ಕೆರೆದು ತೆಗೆದ ಲೋಳೆಯನ್ನು ನೀರಿನಲ್ಲಿ ಕದಡಿ, ಹತ್ತರಲ್ಲೊಂದು, ನೂರರಲ್ಲೊಂದು ಎಂದು ತೆಳುಮಾಡುತ್ತ ಹೋಗಿ, ಅಗರ್ ಎಂಬ ಗಟ್ಟಿ ಲೇಹದ ಮೇಲೆ ಹರಡಿದರೆ, ಜೀವಿಯೊಂದು ಬಿದ್ದ ಕಡೆ ಮರುದಿನ ಕಣ್ಣಿಗೆ ಕಾಣುವ ಚುಕ್ಕೆಯೊಂದು ಬೆಳೆಯುತ್ತದೆ. ಚುಕ್ಕೆಗಳನ್ನು ಎಣಿಸಿದರೆ ಲೆಕ್ಕವಾಯಿತು. ಈ ಅಗರ್ ಎಂಬುದು ನಮ್ಮವರು ಅಂಗಡಿಯಲ್ಲಿ ಚೈನಾ ಗ್ರಾಸ್ ಎಂದು ಕೇಳಿ ತರುವ ಪದಾರ್ಥವೇ. ಜರ್ಮನಿಯ ರಾಬರ್ಟ್ ಕಾಕ್‌ರ ಪ್ರಯೋಗಶಾಲೆಯಲ್ಲಿ ಮೊದಲು ಜೆಲಟಿನ್ನನ್ನು ಬಳಸುತ್ತಿದ್ದು, ಅದು ಬೇಸಗೆಯ ಸೆಕೆಗೆ ಕರಗಿ ಹೋಗುತ್ತಿರಲು, ಅಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆಯವರ ಪತ್ನಿ ಫ್ಯಾನಿ ಹೆಸ್ಸೆಯವರು, ತಾವು ಅಡಿಗೆಮನೆಯಲ್ಲಿ ಹಣ್ಣಿನ ಜೆಲ್ಲಿಗೆ ಹಾಕುತ್ತಿದ್ದ ಅಗರನ್ನು ೧೮೮೧ರಲ್ಲಿ ಸೂಚಿಸಿದರು. ಲೋಕದ ಪ್ರಯೋಗಶಾಲೆಗಳೆಲ್ಲ ಇಂದಿಗೂ ಆ ಗೃಹಿಣಿಯ ಋಣದಲ್ಲಿವೆ. ಆದರೂ ಈ ಎಣಿಕೆಯಲ್ಲಿ ಎರಡು ಕುಂದುಗಳುಂಟು. ಕೆರೆದರೂ ಬಾರದೆ ಮೈಯಲ್ಲೇ ಉಳಿದುದು ಲೆಕ್ಕಕ್ಕೆ ಬಾರದು. ನೂರು ಜೀವಿಗಳ ಮುದ್ದೆಯೊಂದು ಒಡೆಯದೆ ಬಿದ್ದರೆ ಒಂದೇ ಚುಕ್ಕೆಯಾಗುವುದು.

ಕೆರೆಯುವುದಕ್ಕೆ ಮುಂಚೆ ತೊಳೆಯುವುದೊಂದುಂಟು. ಮೇಲೆ ಸುಮ್ಮನೆ ಕುಳಿತ ತೇಲುಜೀವಿಗಳನ್ನು ಕಳೆಯುವುದಕ್ಕಾಗಿ ಮೆಲ್ಲನೆ ತೊಳೆಯಬೇಕು. ಮೆಲ್ಲನೆ ಎಂದರೆ ಎಷ್ಟು? ಒಂದು ಸಲವೋ ಮೂರು ಸಲವೋ? ನೀರಿನಿಂದ ಮೇಲೆತ್ತುವಾಗ ಗಾಳಿಯೂ ನೀರೂ ಕೂಡುವ ಅಂಚು ಮೈಮೇಲೆ ಹಾದುಹೋದರೆ ಸಾಕು, ಅಂಟಿದ ಜೀವಿಗಳಲ್ಲಿ ಎಷ್ಟೋ ಕಿತ್ತುಕೊಂಡು ಬರುತ್ತವೆ. ಒಬ್ಬನ ಎಣಿಕೆಯಲ್ಲಿ ಹೆಚ್ಚು, ಇನ್ನೊಬ್ಬನದರಲ್ಲಿ ಕಡಮೆ ಬಂದರೆ ಜೀವಿ ಬೇರೆಯೆಂದಲ್ಲ, ಕೈ ಬೇರೆ. ಅಕ್ಕಿ ತೊಳೆಯುವ ಕೈಯೂ ಮನೆಯಿಂದ ಮನೆಗೆ ಬೇರೆಯಲ್ಲವೆ! ಆದುದರಿಂದಲೇ ಈಗ ತಿಳಿದವರು ಕೈಯನ್ನು ನಂಬದೆ, ಎರಡು ಹಲಗೆಗಳ ನಡುವೆ ಗೊತ್ತಾದ ವೇಗದಲ್ಲಿ ನೀರನ್ನು ಹರಿಯಬಿಟ್ಟು, ಸೂಕ್ಷ್ಮದರ್ಶಕದಲ್ಲಿ ನೋಡುತ್ತಲೇ ಎಣಿಸುವರು. ಹರಿವನ್ನು ಏರಿಸುತ್ತ ಹೋಗಿ ಯಾವ ಸೆಳೆತಕ್ಕೆ ಎಷ್ಟು ಜೀವಿಗಳು ಕಿತ್ತವೆಂದು ಬರೆದುಕೊಂಡರೆ ಅಂಟಿನ ಬಲವೂ ಸಿಕ್ಕಿತು.

ಪ್ಲಾಸ್ಟಿಕ್ಕಿನ ಮೇಲಣ ಅಂಟಿಗೆ ಬಹಳ ಸುಲಭವಾದ ಉಪಾಯವೊಂದು ಪ್ರಚಾರದಲ್ಲಿದೆ. ರಕ್ತನಾಳಕ್ಕೆ ತೂರಿಸುವ ಪ್ಲಾಸ್ಟಿಕ್ ಕೊಳವೆಗಳಿಂದ ರೋಗಿಗಳಿಗೆ ಸೋಂಕು ತಗಲುತ್ತಿರಲು, ಕ್ರಿಸ್ಟೆನ್ಸನ್ ಎಂಬ ಅಮೆರಿಕದ ವೈದ್ಯರು ೧೯೮೨ರಲ್ಲಿ ಆ ಜೀವಿಗಳನ್ನು ನಳಿಕೆಯಲ್ಲಿ ಬೆಳೆಸಿ, ಸಾರನ್ನು ಚೆಲ್ಲಿ, ಬಣ್ಣ ಹಾಕಿ ನೋಡಿದರು. ಕೆಲವು ನಳಿಕೆಗಳ ಒಳಮೈಯಲ್ಲಿ ಬಣ್ಣದ ಪೊರೆ ನಿಂತಿತು, ಕೆಲವುಗಳಲ್ಲಿ ನಿಲ್ಲಲಿಲ್ಲ. ೧೯೮೫ರಲ್ಲಿ ಅವರೇ ಇದನ್ನು ಪ್ಲಾಸ್ಟಿಕ್ ತಟ್ಟೆಗೆ ತಂದರು. ಅಂಗೈಯಷ್ಟು ತಟ್ಟೆಯಲ್ಲಿ ಎಂಟು ಸಾಲು, ಸಾಲಿಗೆ ಹನ್ನೆರಡರಂತೆ ೯೬ ಗುಳಿಗಳು. ನಮ್ಮ ಅಳಗುಳಿಮಣೆಯ ತಮ್ಮನೆನ್ನಬಹುದು. ಒಂದು ದಿನ ಜೀವಿಗಳನ್ನು ಬೆಳೆಸಿ, ಚೆಲ್ಲಿ, ತೊಳೆದು, ಬಣ್ಣವನ್ನೆರೆದು, ಮತ್ತೆ ತೊಳೆದು, ಅಂಟಿದ ಬಣ್ಣದ ಮೂಲಕ ಬೆಳಕನ್ನು ಹಾಯಿಸಿ, ಎಷ್ಟು ಬೆಳಕು ತಡೆದು ನಿಂತಿತೆಂದು ಅಳೆಯುವರು. ಈಗ ಸಾಮಾನ್ಯವಾಗಿ ಬಳಸುವ ಬಣ್ಣ ಕ್ರಿಸ್ಟಲ್ ವಯಲೆಟ್. ಹಿಂದೆ ಮಕ್ಕಳ ಬಾಯಿಹುಣ್ಣಿಗೆ ಹಚ್ಚುತ್ತಿದ್ದ, ತುಟಿಯನ್ನೆಲ್ಲ ನೇರಳೆಮಾಡುತ್ತಿದ್ದ ಆ ಜೆನ್ಷನ್ ವಯಲೆಟ್ ಔಷಧದ ಸಾರವಿದೇ. ಒಂದು ಜಾಗ್ರತೆಯನ್ನು ಮಾತ್ರ ಬಿಡುವಂತಿಲ್ಲ. ಜೀವಿಯನ್ನೇ ಬಿತ್ತದ ಕೆಲವು ಗುಳಿಗಳಿಗೂ ಬಣ್ಣ ಹಾಕಬೇಕು. ಬರಿಯ ಪ್ಲಾಸ್ಟಿಕ್ಕೂ ಸ್ವಲ್ಪ ಬಣ್ಣವನ್ನು ಕುಡಿಯುವುದು. ಆ ಬರಿಗುಳಿಗಳ ಲೆಕ್ಕವನ್ನು ಸ್ಪಷ್ಟವಾಗಿ ಮೀರಿದುದಕ್ಕೆ ಮಾತ್ರ ಅಂಟು ಎಂದು ಹೆಸರು. ಈ ಬಣ್ಣವು ಬದುಕಿದ ಜೀವಿಗೂ ಹತ್ತುವುದು, ಸತ್ತ ಜೀವಿಗೂ ಹತ್ತುವುದು, ಲೋಳೆಗೂ ಹತ್ತುವುದು. ಎಷ್ಟು ಕಸ ನಿಂತಿದೆ ಎಂಬುದಕ್ಕೆ ಇದು ಸಾಕ್ಷಿ. ಎಷ್ಟು ಜೀವವುಂಟೆಂಬುದಕ್ಕೆ ಅಲ್ಲ.

ಲೋಹದ ವಿಷಯದಲ್ಲಿ ಈ ಸುಲಭೋಪಾಯವು ನಡೆಯದು. ಲೋಹದ ಮೂಲಕ ಬೆಳಕು ಹಾಯುವುದಿಲ್ಲವಷ್ಟೆ. ಅದಕ್ಕಾಗಿ ನಾಣ್ಯದಷ್ಟಗಲದ ಬಿಲ್ಲೆಗಳನ್ನು ಕತ್ತರಿಸಿ, ಕೋಲುಗಳಿಗೆ ಸಿಕ್ಕಿಸಿ, ಸಾರು ಸುಳಿದಾಡುವ ಗಾಜಿನ ಪಾತ್ರೆಯಲ್ಲಿ ತೂಗಬಿಡುವರು. ಹೆಸರಾದ ಒಂದು ಉಪಕರಣದಲ್ಲಿ ಎಂಟು ಕೋಲುಗಳು, ಒಂದೊಂದಕ್ಕೆ ಮೂರರಂತೆ ೨೪ ಬಿಲ್ಲೆಗಳಿರುತ್ತವೆ. ಬಿಲ್ಲೆಯನ್ನು ಆಗಾಗ್ಗೆ ತೆಗೆದು ಕೆರೆದು ಎಣಿಸಬಹುದು. ಹೊಳೆಯುವ ಬಣ್ಣಗಳನ್ನು ಹಾಕಿ ಮೇಲಿನಿಂದಲೇ ನೋಡಲೂಬಹುದು. ಲೋಹದಲ್ಲಿ ಮುಖ್ಯವಾದುದು ಮೈಯ ನಯ. ನಮ್ಮ ಮನೆಗಳ ಸ್ಟೀಲು ಪಾತ್ರೆಯು, ಕಬ್ಬಿಣದೊಡನೆ ನೂರಕ್ಕೆ ಸುಮಾರು ೧೮ ಪಾಲು ಕ್ರೋಮಿಯಂ, ೮ ಪಾಲು ನಿಕ್ಕಲ್ ಸೇರಿ ಆದದ್ದು. ಕ್ರೋಮಿಯಂ ತನ್ನ ಮೇಲೆ ತಾನೇ ಹೊದೆದುಕೊಳ್ಳುವ ಅತಿ ತೆಳುವಾದ ಪೊರೆಯಿಂದ ಅದು ತುಕ್ಕು ಹಿಡಿಯದು. ಆಹಾರ ತಗಲುವ ಸ್ಟೀಲಿನ ಮೈಯ ಉಬ್ಬುತಗ್ಗುಗಳ ಸರಾಸರಿಯು ೦.೮ ಮೈಕ್ರೋಮೀಟರನ್ನು ಮೀರಬಾರದೆಂದು ಕಾರ್ಖಾನೆಗಳವರು ಕಟ್ಟಳೆಯಿಟ್ಟುಕೊಂಡಿರುವರು. ಬ್ಯಾಕ್ಟೀರಿಯಾದ ಅಗಲವು ಸುಮಾರಾಗಿ ಒಂದು ಮೈಕ್ರೋಮೀಟರು, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ತನ್ನ ಮೈಯಳತೆಯ ಗೀರು ಸಿಕ್ಕಿದರೆ ಅದು ಗೂಡು ಸಿಕ್ಕಿದ ಹಕ್ಕಿಯಂತೆ ಒಳಸೇರುವುದು. ಉಜ್ಜುವ ನಾರು ಅಲ್ಲಿಗೆ ಇಳಿಯಲಾರದು.

ಗೀರಿನ ಮಾತು ಬಂದುದರಿಂದ ಅಡಿಗೆಮನೆಗೆ ಒಂದು ಗಳಿಗೆ ಬರೋಣ. ತರಕಾರಿ ಹೆಚ್ಚುವ ಮಣೆ ಮರದ್ದಕ್ಕಿಂತ ಪ್ಲಾಸ್ಟಿಕ್ಕಿನದು ಶುಚಿಯೆಂದು ಲೋಕವು ನಂಬಿತ್ತು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಡೀನ್ ಕ್ಲಿವರ್ ಮೊದಲಾದವರು ೧೯೯೪ರಲ್ಲಿ ಪರೀಕ್ಷಿಸಿದಾಗ, ಹೊಸ ಪ್ಲಾಸ್ಟಿಕ್ ಮಣೆಯನ್ನು ತೊಳೆಯುವುದು ಸುಲಭವಾದರೂ, ಚಾಕುವಿನ ಗೀರುಗಳು ಬಿದ್ದ ಹಳೆಯದನ್ನು ಕೈಯಿಂದ ಶುದ್ಧಮಾಡುವುದು ಕಷ್ಟವೆಂದು ಕಂಡಿತು. ಮರದ ಮಣೆಯ ಮೇಲಿಂದಲೋ ಜೀವಿಗಳು ಮರಳಿ ಸಿಕ್ಕಿದುದೇ ಕಡಮೆ. ಅವು ತೇವದೊಡನೆ ಮರದ ಒಳಕ್ಕೆ ಇಳಿದುಹೋಗಿದ್ದುವು. ಸಿಕ್ಕದಿರುವುದಕ್ಕೂ ಇಲ್ಲದಿರುವುದಕ್ಕೂ ಇಲ್ಲಿಯೂ ಅಂತರವುಂಟೆಂಬುದನ್ನು ವಾಚಕರು ಗಮನಿಸಬೇಕು. ತಾಮ್ರದ ಬಿಂದಿಗೆಯ ಮಾತನ್ನೂ ಕೆಲವರು ಕೇಳಿಯಾರು. ಬೆಂಗಳೂರಿನ ಸಂಶೋಧಕಿಯರು ೨೦೧೨ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಕಾಲರ ಮೊದಲಾದ ರೋಗಗಳ ಜೀವಿಗಳನ್ನು ಬೆರೆಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿ ೧೬ ಗಂಟೆಗಳ ಕಾಲ ಇಟ್ಟಾಗ ಒಂದೂ ಬೆಳೆದು ಬರಲಿಲ್ಲ. ಇದು ಕೊಲ್ಲುವ ಗುಣವೇ ಹೊರತು ಅಂಟಿಸಿಕೊಳ್ಳದಿರುವ ಗುಣವಲ್ಲ. ತಾಮ್ರದ ಮೇಲೂ ಪಾಚಿ ಕಟ್ಟಿದರೆ ಲೋಹಕ್ಕೂ ನೀರಿಗೂ ನಡುವೆ ತೆರೆಬಿದ್ದಂತೆ. ಹುಣಿಸೆಹಣ್ಣು ಹಚ್ಚಿ ಉಜ್ಜುವ ಕೆಲಸ ತಪ್ಪಿದ್ದಲ್ಲ.

ಇಷ್ಟೂ ಎಣಿಕೆಯ ಮಾತಾಯಿತು. ಒಂದೇ ಒಂದು ಜೀವಿಯು ಎಷ್ಟು ಬಿಗಿಯಾಗಿ ಹಿಡಿದಿದೆ ಎಂಬುದನ್ನು ಎಳೆದು ನೋಡುವವರೂ ಉಂಟೆಂದರೆ ನಂಬುವುದು ಕಷ್ಟ. ೧೯೮೬ರಲ್ಲಿ ಬಿನ್ನಿಗ್, ಕ್ವೇಟ್, ಗರ್ಬರ್ ಎಂಬ ಮೂವರು ಕಂಡುಹಿಡಿದ ಪರಮಾಣುಬಲ ಸೂಕ್ಷ್ಮದರ್ಶಕದಲ್ಲಿ, ಕೂದಲಿಗಿಂತ ತೆಳುವಾದ ಬಾಗುವ ಪಟ್ಟಿಯೊಂದಿರುತ್ತದೆ. ಅದರ ತುದಿಗೆ ಜೀವಿಯೊಂದನ್ನು ಕೂರಿಸಿ, ಮೈಗೆ ತಾಗಿಸಿ, ಹಿಂದಕ್ಕೆಳೆದರೆ ಪಟ್ಟಿಯು ಬಾಗುತ್ತದೆ, ಬಾಗಿದಷ್ಟು ಬಲ. ಇಲ್ಲಿಯ ಬಲವನ್ನು ನ್ಯೂಟನ್ನಿನ ನೂರು ಕೋಟಿಯಲ್ಲೊಂದು ಪಾಲಿನ ಮಾನದಿಂದ ಅಳೆಯುವರು; ಇದಕ್ಕೆ ನ್ಯಾನೋನ್ಯೂಟನ್ ಎಂದು ಹೆಸರು. ಅಮೆರಿಕದ ಇಂಡಿಯಾನ ಮತ್ತು ಬ್ರೌನ್ ವಿಶ್ವವಿದ್ಯಾನಿಲಯಗಳವರು ೨೦೦೬ರಲ್ಲಿ, ಸಿಹಿನೀರಿನಲ್ಲಿ ವಾಸಿಸುವ ಕಾಲೊಬ್ಯಾಕ್ಟರ್ ಎಂಬ ನಿರುಪದ್ರವಿಯನ್ನು ಸೂಕ್ಷ್ಮವಾದ ಗಾಜಿನ ನಳಿಕೆಯಿಂದ ಹೀರಿಹಿಡಿದು ಎಳೆದು ನೋಡಿದರು. ಅದರ ಕಾಲಿನ ತುದಿಯ ಅಂಟು ಒಂದು ಚದರ ಮಿಲಿಮೀಟರಿಗೆ ೬೮ ನ್ಯೂಟನ್ನಿಗೂ ಮಿಗಿಲಾಯಿತು. ಎಂದರೆ ಸಣ್ಣ ಸಾಸಿವೆಕಾಳಿನಷ್ಟಗಲದ ಅಂಟಿನಿಂದ ಏಳು ಸೇರಲ್ಲ, ಏಳು ಕಿಲೋಗ್ರಾಂ ತೂಕವನ್ನು ತೂಗಹಾಕಬಹುದು!

ನಮ್ಮ ಅಕ್ಕನ ಕಥೆಗೆ ಸೇರಿದ ಜೀವಿಯು ಬೇರೆ. ಲೋಹವು ಶರೀರದೊಳಕ್ಕೆ ಹೋದ ಕ್ಷಣದಿಂದ ರಕ್ತದ ಪ್ರೋಟೀನುಗಳು ಅದರ ಮೈಯನ್ನು ಮುಚ್ಚುತ್ತವೆ. ಬ್ಯಾಕ್ಟೀರಿಯಾ ಅಂಟುವುದು ಬರಿಯ ಲೋಹಕ್ಕಲ್ಲ, ಈ ಲೇಪಕ್ಕೆ. ಸ್ಟ್ಯಾಫಿಲೊಕಾಕಸ್ ಎಪಿಡರ್ಮಿಡಿಸ್ ಎಂಬ ಜೀವಿಯ ಮೈಮೇಲಿನ ಒಂದು ಕೊಂಡಿಯು ರಕ್ತದ ಫೈಬ್ರಿನೊಜೆನ್ ಎಂಬ ಪ್ರೋಟೀನನ್ನು ಹಿಡಿಯುವ ಬಿಗಿಯು ಎರಡು ನ್ಯಾನೋನ್ಯೂಟನ್ನುಗಳನ್ನು ಮುಟ್ಟುವುದೆಂದು ೨೦೧೮ರಲ್ಲಿ ಪ್ರಕಟವಾಯಿತು. ಅಂಕೆ ಚಿಕ್ಕದೆಂದು ಉಪೇಕ್ಷಿಸಬಾರದು. ಅಣುವಿನೊಳಗೆ ಪರಮಾಣುಗಳನ್ನು ಒಂದಕ್ಕೊಂದು ಕಟ್ಟಿದ ರಾಸಾಯನಿಕ ಬಂಧವನ್ನು ಹರಿಯುವುದಕ್ಕೂ ಹೆಚ್ಚುಕಡಮೆ ಅಷ್ಟೇ ಬಲ ಬೇಕು. ಇಂಥದು ಸೂಜಿಯಿಂದೆಳೆದ ಹನಿ ನೀರಿನೊಡನೆ ತಾನೂ ಬಂದುಬಿಡುವುದೆಂದು ನಾವು ಹಣ್ಣುಕಾಯಿ ಮಾಡಿಸಿದ್ದೆವು.

ಕೊನೆಗೆ ಶಸ್ತ್ರವೈದ್ಯರು ಕೀಲನ್ನು ತೆಗೆಯುವುದೆಂದು ನಿಶ್ಚಯಿಸಿದರು. ತೆಗೆದ ಕೀಲನ್ನು ಪರೀಕ್ಷಿಸುವ ಕ್ರಮವನ್ನು ಅವರು ನಮಗೆ ವಿವರಿಸಿದರು. ಅಮೆರಿಕದ ಮಿನೆಸೋಟಾದಲ್ಲಿರುವ ಮೇಯೋ ಕ್ಲಿನಿಕ್ಕಿನಲ್ಲಿ ಟ್ರಾಂಪೂಜ್ ಮತ್ತು ಅವರ ಸಂಗಡಿಗರು ಇದನ್ನು ಕ್ರಮಬದ್ಧವಾಗಿ ಪರೀಕ್ಷಿಸಿ ೨೦೦೭ರಲ್ಲಿ ಪ್ರಕಟಿಸಿದರು. ತೆಗೆದ ಕೀಲನ್ನು ಶುದ್ಧಮಾಡಿದ ಗಟ್ಟಿ ಡಬ್ಬದಲ್ಲಿಟ್ಟು, ೪೦೦ ಮಿಲಿಲೀಟರು ಲವಣದ್ರವವನ್ನೆರೆದು, ಅರ್ಧ ನಿಮಿಷ ಕುಲುಕಿ, ಐದು ನಿಮಿಷ ಶ್ರವಣಾತೀತ ಶಬ್ದದ ತೊಟ್ಟಿಯಲ್ಲಿಟ್ಟು, ಮತ್ತೆ ಕುಲುಕುವರು. ಕಿವಿಗೆ ಕೇಳದ, ಸೆಕೆಂಡಿಗೆ ೪೦,೦೦೦ ಸಲ ಮಿಡಿಯುವ ಆ ಶಬ್ದದಿಂದ ದ್ರವದಲ್ಲಿ ಅಸಂಖ್ಯಾತ ಗುಳ್ಳೆಗಳು ಹುಟ್ಟಿ ಒಡೆದು ಲೋಹ ಪ್ಲಾಸ್ಟಿಕ್ಕುಗಳ ಮೈಯಿಂದ ಪೊರೆಯನ್ನು ಕೀಳುತ್ತವೆ. ಶಬ್ದವು ಹೆಚ್ಚಾದರೆ ಜೀವಿಗಳೇ ಸತ್ತು ಏನೂ ಬೆಳೆಯದು. ಕಡಮೆಯಾದರೆ ಪೊರೆ ಬಿಡದು. ಮೊದಮೊದಲು ಡಬ್ಬದ ಬದಲು ಪ್ಲಾಸ್ಟಿಕ್ ಚೀಲವನ್ನು ಬಳಸುತ್ತಿದ್ದು, ಚೀಲವು ಸೋರಿ ತೊಟ್ಟಿಯ ನೀರಿನ ಜೀವಿಗಳು ಒಳನುಗ್ಗಿ ಸುಳ್ಳು ಸಾಕ್ಷಿ ಹೇಳಿದುದೂ ಉಂಟಂತೆ. ೩೩೧ ಮಂದಿಯ ಮೊಣಕಾಲು ಸೊಂಟಗಳ ಕೃತಕ ಕೀಲುಗಳನ್ನು ಹೀಗೆ ನೋಡಿದರು. ಸೋಂಕು ನಿಜವಾಗಿ ಇದ್ದವರಲ್ಲಿ, ಸುತ್ತಲಿನ ಮಾಂಸವನ್ನು ಕತ್ತರಿಸಿ ಬೆಳೆಸುವ ಹಳೆಯ ಕ್ರಮದಿಂದ ನೂರಕ್ಕೆ ೬೦.೮ ಮಂದಿಯಲ್ಲಿ ಜೀವಿ ಸಿಕ್ಕಿತು. ಕೀಲಿನ ಮೈಯಿಂದ ಕಿತ್ತ ದ್ರವದಿಂದ ೭೮.೫ ಮಂದಿಯಲ್ಲಿ. ಶಸ್ತ್ರಚಿಕಿತ್ಸೆಗೆ ಮುಂಚಿನ ಎರಡು ವಾರಗಳೊಳಗೆ ಔಷಧ ತೆಗೆದುಕೊಂಡಿದ್ದವರಲ್ಲಿ ಅಂತರವು ಇನ್ನೂ ಹೆಚ್ಚು: ೪೫ಕ್ಕೆ ೭೫.

ಅಕ್ಕನ ಕೀಲಿನ ದ್ರವವನ್ನು ಅಗರಿನ ಮೇಲೆ ಹರಡಿದ ಮೂರನೆಯ ದಿನ ವೈದ್ಯರು ದೂರವಾಣಿಯಲ್ಲಿ ನಮ್ಮನ್ನು ಕರೆದರು. ಬಿಳಿಯ ಚುಕ್ಕೆಗಳು ನೂರಕ್ಕೂ ಮೇಲೆ. ಸ್ಟ್ಯಾಫಿಲೊಕಾಕಸ್ ಎಪಿಡರ್ಮಿಡಿಸ್, ನಮ್ಮ ನಿಮ್ಮೆಲ್ಲರ ಚರ್ಮದ ಮೇಲೆ ಸದಾ ವಾಸಿಸುವ, ಹೊರಗಿದ್ದಷ್ಟು ಕಾಲ ಯಾರಿಗೂ ಕೇಡುಮಾಡದ ಜೀವಿ. ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದ ಅಕ್ಕನಿಗೆ ಹೇಳಿದಾಗ ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಲ್ಲ ಕಣೋ ತಮ್ಮಾ, ನಾನು ಎರಡು ವರ್ಷ ನೋವು ನೋವು ಎಂದರೆ ಎಲ್ಲರೂ ಕಾಗದ ತೋರಿಸಿದಿರಿ” ಎಂದಳು. ಈ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ನೋವು ಹೆಚ್ಚಾದ ದಿನಗಳಲ್ಲಿ, ಕಾಗದದಲ್ಲಿ ಏನೂ ಇಲ್ಲವಲ್ಲ ಎಂದು ಆಕೆಯನ್ನು ಗದರಿದವರಲ್ಲಿ ನಾವೂ ಒಬ್ಬರು.

ಕೀಲಿದ್ದ ಜಾಗದಲ್ಲಿ ಔಷಧವನ್ನು ಕಲಸಿದ ಗಾರೆಯ ತುಂಡನ್ನು ತಾತ್ಕಾಲಿಕವಾಗಿ ಇಟ್ಟರು. ಜೀವಿಯ ಹೆಸರು ತಿಳಿದಿದ್ದರಿಂದ ಅದಕ್ಕೆ ನಾಟುವ ಔಷಧವನ್ನೇ ಆರಿಸಿ ಆರು ವಾರ ಕೊಟ್ಟರು. ಮೂರು ತಿಂಗಳ ಮೇಲೆ ಗಾರೆಯನ್ನು ತೆಗೆದು ಹೊಸ ಕೀಲನ್ನು ಕೂಡಿಸಿ, ತೆಗೆದ ಗಾರೆಯನ್ನೂ ಅದೇ ಶಬ್ದದ ತೊಟ್ಟಿಗೆ ಕಳುಹಿಸಿದರು. ಹದಿನಾಲ್ಕು ದಿನ ಕಾದ ಮೇಲೆ ಬಂದ ಕಾಗದದಲ್ಲಿ “ಬೆಳವಣಿಗೆಯಿಲ್ಲ” ಎಂದಿತ್ತು. ಅಕ್ಷರಗಳು ಅವೇ, ಕಾಗದವೂ ಅದೇ ಬಣ್ಣದ್ದು. ನಾವು ಈ ಸಲ ಹಣ್ಣುಕಾಯಿಗೆ ಓಡದೆ, “ಯಾವುದರಲ್ಲಿ ಹುಡುಕಿದಿರಿ?” ಎಂದು ಕೇಳಿದೆವು. ವೈದ್ಯರು ನಕ್ಕು, “ಮೈಯಲ್ಲಿ, ಮೇಷ್ಟ್ರೇ, ನೀರಿನಲ್ಲಲ್ಲ” ಎಂದರು.

ಅಕ್ಕ ಈಗ ಕೋಲಿಲ್ಲದೆ ಹಿತ್ತಿಲಿನ ತುಲಸಿಯ ಕಟ್ಟೆಯವರೆಗೆ ಹೋಗಿಬರುತ್ತಾಳೆ. ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಊಟಮಾಡಬಾರದೆಂದು ವೈದ್ಯರ ಕಟ್ಟಪ್ಪಣೆ. ಕುರ್ಚಿಯ ಮೇಲೆ ಕುಳಿತು ಉಂಡರೆ ಉಂಡಂತೆಯೇ ಆಗುವುದಿಲ್ಲವೆಂದು ಆಕೆಯ ವಾದ. ಆ ಮೊಕದ್ದಮೆಯು ಇನ್ನೂ ಇತ್ಯರ್ಥವಾಗಿಲ್ಲ.